ರಾತ್ರಿ 2 ಗಂಟೆಗೆ ಹಸುವಿನ ಮಗ್ಗುಲು ಬದಲಿಸೋರು ಯಾರು?

ಮಂಡ್ಯ ತಾಲ್ಲೂಕಿನ ಒಂದು ಊರು, ವಿ.ಸಿ. ನಾಲೆ ಬಯಲು. ಸಂಕ್ರಾಂತಿ ಮುಗಿದು ಒಂದು ವಾರ ಆಗಿತ್ತು, ರಾತ್ರಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಸು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ನಾಲ್ಕನೇ ಸೂಲು, ಅಂದರೆ ನಾಲ್ಕನೇ ಕರು, ತೂಕ ಅಂದಾಜು 450 ಕೆಜಿ. ಮನೆಯವರು ಕರೆಯೋದು ಗೌರಿ ಅಂತ. ಹಿಂದಿನ ಸೂಲಿನಲ್ಲಿ ದಿನಕ್ಕೆ 18 ಲೀಟರ್ ಹಿಂಡಿದ ಹಸು. ಗಬ್ಬ ಅಂತ ಸಂಕ್ರಾಂತಿಗೆ ಕಿಚ್ಚು ಹಾಯಿಸದೆ, ಕೊಂಬಿಗೆ ಬಣ್ಣ ಮಾತ್ರ ಬಳಿದಿದ್ದರು. ಭಾನುವಾರ ಸಂಜೆ ಕರು ಹಾಕಿದೆ, ಸೋಮವಾರ ಮಧ್ಯಾಹ್ನ ಕೂತದ್ದು ಮತ್ತೆ ಏಳಲಿಲ್ಲ. ನಾನು ದನದ ಡಾಕ್ಟರ್, ನನಗೆ ಫೋನ್ ಬಂದದ್ದು ಸೋಮವಾರ ಸಂಜೆ 7 ಗಂಟೆಗೆ.

ಹೋಗಿ ನೋಡಿದರೆ ಕೊಟ್ಟಿಗೆಯ ಸಿಮೆಂಟ್ ನೆಲದ ಮೇಲೆ ಕೂತು, ಕತ್ತು ಹೊರಳಿಸಿ ಮುಸುಡಿಯನ್ನು ಪಕ್ಕೆಗೆ ಒರಗಿಸಿಕೊಂಡಿದೆ. ಕಿವಿ ತಣ್ಣಗಿದೆ, ಮೂತಿ ಒಣಗಿದೆ. ಥರ್ಮಾಮೀಟರ್ 98.8 ತೋರಿಸಿತು, ಹಸುವಿಗೆ 101.5 ಆಸುಪಾಸು ಇರಬೇಕು. ಮಧ್ಯಾಹ್ನದಿಂದ ಸಗಣಿ ಇಲ್ಲ, ಗಂಜಲ ಇಲ್ಲ. ಹಾಲು ಜ್ವರ. ಹೆಸರಿನಲ್ಲಿ ಜ್ವರ ಇದೆಯೇ ಹೊರತು ಮೈ ಬಿಸಿ ಇರೋದಿಲ್ಲ. ಕರು ಹಾಕಿದ ಮೊದಲ ಎರಡು ಮೂರು ದಿನದಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು, ಸ್ನಾಯುಗಳೆಲ್ಲ ಸೋತು ಹಸು ಕೂತುಬಿಡುತ್ತದೆ. ಮೂರನೇ ಸೂಲು ದಾಟಿದ, ಜಾಸ್ತಿ ಹಾಲು ಕೊಡೋ ಹಸುಗಳಿಗೆ ಇದು ಮಾಮೂಲಿ.

ಕಾರಣ ಹುಡುಕೋಕೆ ದೂರ ಹೋಗಬೇಕಾಗಿರಲಿಲ್ಲ, ಅಡುಗೆಮನೆಯಲ್ಲೇ ಇತ್ತು. ಗಿಣ್ಣು! ಬೀದಿಯ ಅರ್ಧ ಮನೆಗೆ ಹಂಚೋಕೆ ಅಂತ ಭಾನುವಾರ ರಾತ್ರಿ ಮತ್ತು ಸೋಮವಾರ ಬೆಳಗ್ಗೆ ಕೆಚ್ಚಲು ಪೂರ್ತಿ ಹಿಂಡಿದ್ದರು. ಹತ್ತು ಲೀಟರ್ ಗಿಣ್ಣಿನ ಹಾಲಿನಲ್ಲಿ 20 ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ, ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಕ್ಯಾಲ್ಸಿಯಂ ಎಲ್ಲ ಸೇರಿದರೂ 3 ಗ್ರಾಂ ಹತ್ತಿರ. ಮೂಳೆಯಿಂದ ಕರಗಿ ಬರೋ ಹೊತ್ತಿಗೆ ಖಜಾನೆ ಖಾಲಿ. ಜೊತೆಗೆ ಇನ್ನೊಂದು ಎಡವಟ್ಟು ಆಗಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಬಾಯಿ ಎತ್ತಿ ಹಿಡಿದು ಗೊಟ್ಟದಲ್ಲಿ, ಅಂದರೆ ದನಕ್ಕೆ ಔಷಧಿ ಕುಡಿಸೋ ಬಿದಿರಿನ ಕೊಳವೆಯಲ್ಲಿ, ಬೆಲ್ಲ ಓಮದ ಕಷಾಯ ಹುಯ್ದಿದ್ದರು. ಹುಯ್ದಾಗ ಹಸು ಕೆಮ್ಮಿತು ಅಂತ ಸೊಸೆ ಮೆಲ್ಲಗೆ ಹೇಳಿದರು. ಕ್ಯಾಲ್ಸಿಯಂ ಇಳಿದ ಹಸುವಿಗೆ ನುಂಗೋ ಶಕ್ತಿಯೇ ಇರೋದಿಲ್ಲ, ಗೊಟ್ಟದ ಕಷಾಯ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

450 ಎಂ.ಎಲ್. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ, ಕಾಲು ಗಂಟೆ ತೆಗೆದುಕೊಂಡು ಕತ್ತಿನ ರಕ್ತನಾಳಕ್ಕೆ ಬಿಟ್ಟೆ. ಬೇಗ ಬಿಟ್ಟರೆ ಹೃದಯ ನಿಂತುಬಿಡುತ್ತದೆ. ಬಾಟಲಿ ಮುಗಿಯೋ ಹೊತ್ತಿಗೆ ಮೈ ನಡುಗಿತು, ತೇಗಿತು, ಸಗಣಿ ಹಾಕಿತು. ಎಲ್ಲ ಒಳ್ಳೆ ಲಕ್ಷಣ. ಎರಡು ಸಲ ಏಳೋಕೆ ನೋಡಿತು, ನುಣ್ಣನೆ ನೆಲದಲ್ಲಿ ಹಿಂಗಾಲು ಜಾರಿ ಕುಸಿಯಿತು. ಅಡಿಗೆ ನಾಲ್ಕು ಗೋಣಿಚೀಲ ಹಾಸಿಸಿ, "ಬೆಳಗ್ಗೆ ಎದ್ದಿರ್ತದೆ ಬಿಡಿ" ಅಂತ ಹೇಳಿ ಬಂದೆ.

ಹಾಗೆ ಹೇಳಬಾರದಿತ್ತು. ಆ ರಾತ್ರಿಯೇ ಸಿಮೆಂಟಿನಿಂದ ಮಣ್ಣಿಗೆ ಸಾಗಿಸಬೇಕಿತ್ತು. ಕತ್ತಲಾಗಿತ್ತು, ನನಗೂ ಸುಸ್ತಾಗಿತ್ತು. ಅಷ್ಟೇ ಕಾರಣ.

ಮಂಗಳವಾರ ಬೆಳಗ್ಗೆ ಆರೂವರೆಗೆ ಫೋನ್. ಎದ್ದಿಲ್ಲ. ನಾನು ತಲುಪೋ ಹೊತ್ತಿಗೆ ಊರಿನ ಎಂಟು ಹುಡುಗರು ಸೇರಿ ಬಾಲ ಹಿಡಿದು, ಹೊಟ್ಟೆ ಅಡಿಗೆ ಬಿದಿರಿನ ಗಳ ಕೊಟ್ಟು ಎತ್ತಿ ನೋಡಿ ಸೋತಿದ್ದರು. ಹಸು ಮಾತ್ರ ನಿನ್ನೆಯ ಹಸು ಅಲ್ಲ. ಕಣ್ಣು ಚುರುಕಾಗಿದೆ, ಕಿವಿ ಬೆಚ್ಚಗಿದೆ, ಹುಲ್ಲು ಕೊಟ್ಟರೆ ತಿನ್ನುತ್ತದೆ, ಕರುವಿನ ಕಡೆ ತಿರುಗಿ ಕೂಗುತ್ತದೆ. ಮುಂಗಾಲು ಊರಿ ಏಳೋಕೂ ನೋಡುತ್ತದೆ, ಹಿಂಭಾಗ ಮಾತ್ರ ಬರುತ್ತಿಲ್ಲ. ಎಡ ತೊಡೆ ಊದಿ ಗಟ್ಟಿಯಾಗಿದೆ. ಗೊರಸಿನ ಮೇಲೆ ಚಿವುಟಿದರೆ ಬಲಗಾಲು ತಟ್ಟನೆ ಎಳೆದುಕೊಳ್ಳುತ್ತದೆ, ಎಡಗಾಲು ಯೋಚನೆ ಮಾಡಿ ಎಳೆದುಕೊಳ್ಳುತ್ತದೆ. ಒಳಗೆ ಕೈ ಹಾಕಿ ನೋಡಿದೆ, ಸೊಂಟದ ಮೂಳೆ ಮುರಿದಿಲ್ಲ, ಕೀಲು ತಪ್ಪಿಲ್ಲ. ಇನ್ನೊಂದು ಬಾಟಲಿ ಕ್ಯಾಲ್ಸಿಯಂ, ಜೊತೆಗೆ ರಂಜಕದ ಇಂಜೆಕ್ಷನ್ ಕೊಟ್ಟೆ. ಹಾಲು ಜ್ವರದ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಬೇರೆ ರೋಗ, ಅದನ್ನು ತಂದದ್ದು ಆ ನೆಲ.

ಕೈ ಮೇಲೆ ತಲೆ ಇಟ್ಟು ಮಲಗಿದರೆ ನಮಗೇ ಕೈ ಜೋಮು ಹಿಡಿಯುತ್ತದೆ ಅಲ್ವಾ? 450 ಕೆಜಿ ಮೈ ಒಂದೇ ತೊಡೆಯ ಮೇಲೆ ಗಟ್ಟಿ ನೆಲದಲ್ಲಿ ಕೂತರೆ ಅಡಿಗಿನ ಸ್ನಾಯುವಿಗೆ ರಕ್ತ ಹೋಗೋದೇ ನಿಲ್ಲುತ್ತದೆ, ನರ ನಜ್ಜುತ್ತದೆ. ಅಮೆರಿಕದಲ್ಲಿ 1980ರ ದಶಕದ ಶುರುವಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಆರೋಗ್ಯವಾಗಿದ್ದ ಹಸುಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲು ಅಡಿಗೆ ಬರೋ ಹಾಗೆ 6ರಿಂದ 12 ಗಂಟೆ ಮಲಗಿಸಿದರು. ಕ್ಯಾಲ್ಸಿಯಂ ಕೊರತೆ ಇಲ್ಲ, ಬೇರೆ ರೋಗ ಇಲ್ಲ, ಆದರೂ ಅವುಗಳಲ್ಲಿ ಹಲವು ಮತ್ತೆ ಏಳಲೇ ಇಲ್ಲ. ನಮ್ಮ ಗೌರಿ ಕೂತು ಆಗಲೇ 18 ಗಂಟೆ ಆಗಿತ್ತು. ಆಸ್ಟ್ರೇಲಿಯಾದ ಗಿಪ್ಸ್‌ಲ್ಯಾಂಡ್ ಕಡೆ ಮಲಗಿದ ಹಸುಗಳನ್ನು ಅವುಗಳಿದ್ದ ಫಾರ್ಮ್‌ಗಳಲ್ಲೇ ಹಿಂಬಾಲಿಸಿ ನೋಡಿದ ವೈದ್ಯರೂ ಇದನ್ನೇ ಕಂಡರು. ಮೊದಲು ಬೀಳಿಸಿದ ರೋಗಕ್ಕಿಂತ, ಬಿದ್ದ ಮೇಲೆ ಆಗುವ ಹಾನಿ ಎಷ್ಟೋ ಹಸುಗಳನ್ನು ಕೊಲ್ಲುತ್ತದೆ. ಆ ಹಾನಿ ಎಷ್ಟಾಗುತ್ತದೆ ಅನ್ನೋದು ಆರೈಕೆಯ ಮೇಲೆ ನಿಂತಿದೆ.

ಅಂದರೆ ಮಂಗಳವಾರದಿಂದ ಗೌರಿಯ ಜೀವ ನನ್ನ ಚೀಲದಲ್ಲಿರಲಿಲ್ಲ. ಮನೆಯವರ ಕೈಯಲ್ಲಿತ್ತು.

ಜೆರಾಕ್ಸ್ ಹಾಳೆ

ಇಂಥ ಹಸುಗಳಿಗೆ ಅಂತ ನನ್ನ ಹತ್ತಿರ ಒಂದು ಜೆರಾಕ್ಸ್ ಹಾಳೆ ಇತ್ತು. "ಮಲಗಿದ ಹಸುವಿನ ಆರೈಕೆ", 14 ಸಾಲು. 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೆತ್ತಗೆ ಹಾಸಿ, ಮುಂದೆ ನೀರಿಡಿ, ಕೆಚ್ಚಲು ತೊಳೆಯಿರಿ, ಹೀಗೆ. ಒಂದು ಸಾಲೂ ತಪ್ಪಲ್ಲ. ಎರಡು ವರ್ಷದ ಹಿಂದೆ ಇದೇ ಹಾಳೆಯನ್ನು ಇನ್ನೊಂದು ಊರಲ್ಲಿ, ಗಂಡ ಹೆಂಡತಿ ಇಬ್ಬರೇ ಇದ್ದ ಮನೆಗೆ ಕೊಟ್ಟು ಬಂದಿದ್ದೆ. ಆರನೇ ದಿನ ಹಸು ಸತ್ತಿತು. ಹೋಗಿ ನೋಡಿದರೆ ಒಂದೇ ಮಗ್ಗುಲಲ್ಲಿ ಚರ್ಮ ಕೊಳೆತಿತ್ತು. ಹೇಳಿದ್ದು ಮಾಡಲಿಲ್ಲ ಅಂತ ಮನಸ್ಸಲ್ಲೇ ಬೈದುಕೊಂಡೆ. ಹಾಳೆಯನ್ನು ಮಾತ್ರ ಬದಲಿಸಲಿಲ್ಲ. 450 ಕೆಜಿ ಹಸುವನ್ನು ಇಬ್ಬರು, ಅದರಲ್ಲೂ ಒಬ್ಬರಿಗೆ ಬೆನ್ನುನೋವು, ರಾತ್ರಿ ಹೊತ್ತಿನಲ್ಲಿ ಹೇಗೆ ಹೊರಳಿಸಬೇಕು ಅಂತ ಆ ಹಾಳೆ ಕೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ.

ಇಂಗ್ಲೆಂಡಿನಲ್ಲಿ ವೆಟರ್ನರಿ ನರ್ಸ್ ಅನ್ನೋದು ಬೇರೆಯೇ ಒಂದು ವೃತ್ತಿ. ಓದಿ, ರಿಜಿಸ್ಟರ್ ಆಗಿ ಕೆಲಸ ಮಾಡ್ತಾರೆ. ಮನುಷ್ಯರ ನರ್ಸಿಂಗ್‌ನಲ್ಲಿ ರೋಪರ್, ಲೋಗನ್, ಟಿಯರ್ನಿ ಅನ್ನೋ ಮೂವರು 1980ರಲ್ಲಿ ಒಂದು ಮಾದರಿ ಕೊಟ್ಟರು. ರೋಗದ ಹೆಸರು ಪಕ್ಕಕ್ಕಿಡಿ, ದಿನನಿತ್ಯದ 12 ಕೆಲಸಗಳಲ್ಲಿ ರೋಗಿ ಯಾವುದನ್ನು ತಾನೇ ಮಾಡಿಕೊಳ್ತಾನೆ, ಯಾವುದಕ್ಕೆ ಕೈ ಬೇಕು ಅಂತ ನೋಡಿ ಅನ್ನೋದು ಅದರ ತಿರುಳು. ಇದನ್ನು ಪ್ರಾಣಿಗಳಿಗೆ ಹೊಂದಿಸಿ ಆರ್ಪೆಟ್ ಮತ್ತು ಜೆಫ್ರಿ 2007ರಲ್ಲಿ ಎಬಿಲಿಟಿ ಮಾಡೆಲ್ ಅಂತ ಮಾಡಿದರು. ಅದರಲ್ಲಿ ಹತ್ತು ಪ್ರಶ್ನೆ: ತಿನ್ನುತ್ತದಾ, ಕುಡಿಯುತ್ತದಾ, ಗಂಜಲ ಹುಯ್ಯುತ್ತದಾ, ಸಗಣಿ ಹಾಕುತ್ತದಾ, ಉಸಿರಾಟ ಸರಿ ಇದೆಯಾ, ಮೈ ಬಿಸಿ ಕಾಯ್ದುಕೊಳ್ಳುತ್ತದಾ, ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತದಾ, ಓಡಾಡುತ್ತದಾ, ನಿದ್ದೆ ವಿಶ್ರಾಂತಿ ಇದೆಯಾ, ತನ್ನ ಸಹಜ ನಡವಳಿಕೆ ತೋರಿಸುತ್ತದಾ. ನನಗೆ ಇಷ್ಟವಾದದ್ದು ಹತ್ತರ ಆಚೆಗೆ ಇರೋದು. ಸಾಕಿದವರ ದುಡ್ಡುಕಾಸು ಹೇಗೆ, ಅವರ ನಂಬಿಕೆ ಏನು, ಹೇಳಿದ್ದನ್ನು ಮಾಡೋಕೆ ಅವರಿಗೆ ಆಗುತ್ತದಾ ಅಂತಲೂ ಕೇಳಬೇಕು ಅಂತ ಆ ಮಾದರಿಯಲ್ಲೇ ಇದೆ. ಇದನ್ನು ಓದಿ ತುಂಬ ದಿನ ಆಗಿತ್ತು. ಹಳ್ಳಿಯಲ್ಲಿ ಬಳಸಿರಲಿಲ್ಲ. ನರ್ಸೇ ಇಲ್ಲದ ಕಡೆ ನರ್ಸಿಂಗ್ ಮಾದರಿ ಯಾಕೆ ಅನ್ನಿಸಿತ್ತು.

ಆವತ್ತು ಹಾಳೆಯನ್ನು ಬ್ಯಾಗಿನಲ್ಲೇ ಬಿಟ್ಟು, ಜಗಲಿ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು, ಆ ಹತ್ತು ಪ್ರಶ್ನೆಗಳನ್ನು ಗೌರಿಗೆ ಹಾಕಿದೆ. ತಿನ್ನುತ್ತದೆ, ಕುಡಿಯುತ್ತದೆ, ಆದರೆ ಮುಂದಕ್ಕೆ ತಂದಿಟ್ಟರೆ ಮಾತ್ರ. ಸಗಣಿ ಗಂಜಲ ಎರಡೂ ಇವೆ, ಆದರೆ ಅದರಲ್ಲೇ ಕೂತಿದೆ. ನಡವಳಿಕೆ ಚೆನ್ನಾಗಿದೆ, ಕರು ಕಂಡರೆ ಕೂಗುತ್ತದೆ. ಉಸಿರಾಟ ನಿಮಿಷಕ್ಕೆ 36, ಆ ಗೊಟ್ಟದ ಕಥೆ ಇರೋದರಿಂದ ಕಣ್ಣಿಡಬೇಕು. ಮೈ ಬಿಸಿ ಹಗಲು ಸರಿ, ರಾತ್ರಿ ಚಳಿಗೆ ಹೊದಿಕೆ ಬೇಕು. ಓಡಾಟ ಶೂನ್ಯ. ಹತ್ತರಲ್ಲಿ ಸೊನ್ನೆ ಬಂದದ್ದು ಒಂದಕ್ಕೇ, ಉಳಿದ ತೊಂದರೆ ಎಲ್ಲ ಅದರ ಬಾಲ ಹಿಡಿದು ಬಂದದ್ದು. ಹಾಳೆಯಲ್ಲಿದ್ದ 14 ಸಾಲಿಗೂ ಒಂದೇ ತೂಕ ಇತ್ತು, ಇಲ್ಲಿ ಹಾಗಿಲ್ಲ ಅಂತ ಗೊತ್ತಾಯಿತು. ಮಗ್ಗುಲು ಮತ್ತು ಹಾಸಿಗೆ, ಇವೆರಡಕ್ಕೆ ಮನೆಯವರ ಶಕ್ತಿಯೆಲ್ಲ ಹೋಗಲಿ, ಮಿಕ್ಕಿದ್ದು ಎಷ್ಟಾಗುತ್ತೋ ಅಷ್ಟು.

ಒಂದು ಮಾತು. ಆ ಹತ್ತು ಪ್ರಶ್ನೆಗಳು ನಾಯಿ ಬೆಕ್ಕಿನ ಆಸ್ಪತ್ರೆಯಲ್ಲಿ ಹುಟ್ಟಿದ ಹಾಗೆ ಕಾಣುತ್ತವೆ. ಮೆಲುಕು ಇಲ್ಲ, ಕೆಚ್ಚಲು ಇಲ್ಲ. ಹಸು ಮೆಲುಕು ಹಾಕದೆ ತಿಂದರೆ ಅದು ತಿಂದದ್ದೇ ಅಲ್ಲ. ಈ ಎರಡನ್ನು ನಾನೇ ಸೇರಿಸಿಕೊಂಡೆ, 12 ಆಯಿತು.

ಮನೆಯಲ್ಲಿ ಯಾರು ಯಾರು

ಮನೆಯಲ್ಲಿ ನಾಲ್ಕು ಜನ. ಅಜ್ಜಿ, ಎಪ್ಪತ್ತರ ಹತ್ತಿರ. ಮಗ, ಆಲೆಮನೆಯಲ್ಲಿ ಕೆಲಸ, ಬೆಳಗ್ಗೆ 6ಕ್ಕೆ ಹೋದರೆ ಮಧ್ಯಾಹ್ನ ಊಟಕ್ಕೆ ಬರ್ತಾನೆ. ಸೊಸೆ ಗಾರ್ಮೆಂಟ್ಸ್‌ಗೆ ಹೋಗ್ತಾರೆ, 7 ಗಂಟೆಗೆ ವ್ಯಾನ್ ಬರುತ್ತದೆ, ವಾಪಸ್ ಬರೋದು ಸಂಜೆ ಆರೂವರೆ. ಏಳನೇ ಕ್ಲಾಸಿನ ಮಗಳು.

"ರಾತ್ರಿ ಎಚ್ಚರ ಇರೋರು ಯಾರವ್ವಾ?" ಅಂತ ಕೇಳಿದೆ.

"ನಂಗೆಲ್ಲಿ ನಿದ್ದೆ ಬತ್ತದೆ ಡಾಕ್ಟ್ರೇ, ನಾ ಎದ್ದೇ ಇರ್ತೀನಿ. ಆದ್ರೆ ಇದ್ನ ಹೊಳ್ಳಿಸಕ್ಕೆ ನನ್ ಕೈಲಾಯ್ತದಾ?"

ಮಗ ತಲೆ ಕೆರೆದುಕೊಂಡ. "ಈ ವಾರ ಎರಡ್ ಗಂಟೆಗೆ ತ್ರೀ ಫೇಸ್ ಕೊಡ್ತಾವ್ರೆ ಡಾಕ್ಟ್ರೇ. ಬೋರ್‌ವೆಲ್ ಮೋಟ್ರು ಹಾಕಕ್ಕೆ ಹೆಂಗೂ ಏಳ್ತೀನಿ. ಪಕ್ಕದ ಗದ್ದೆ ಅಣ್ಣನೂ ಬತ್ತಾನೆ."

ಎರಡು ವರ್ಷದ ಹಿಂದೆ ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಕರೆಂಟು ಯಾವಾಗ ಬರುತ್ತದೆ ಅನ್ನೋದರ ಮೇಲೆ ಹಸುವಿನ ಆರೈಕೆ ಬರೆಯೋದಾ ಅಂತ ನಗು ಬಂತು, ಆದರೂ ಹಾಗೇ ಬರೆದೆವು. ರಾತ್ರಿ 2ಕ್ಕೆ ಮಗ ಮತ್ತು ಪಕ್ಕದ ಗದ್ದೆಯವನು, ಮೋಟ್ರು ಹಾಕೋಕೆ ಹೋಗುವ ಮುಂಚೆ. ಬೆಳಗ್ಗೆ ಐದೂವರೆಗೆ ಮಗ ಮತ್ತು ಸೊಸೆ. 9ಕ್ಕೆ ಡೈರಿಗೆ ಹಾಲು ಹಾಕಿ ವಾಪಸ್ ಬರೋ ಇಬ್ಬರನ್ನು ಅಜ್ಜಿ ಕರೀಬೇಕು, ಅಜ್ಜಿ ಕರೆದರೆ ಆ ಬೀದಿಯಲ್ಲಿ ಯಾರೂ ಇಲ್ಲ ಅನ್ನೋದಿಲ್ಲ. ಮಧ್ಯಾಹ್ನ 1ಕ್ಕೆ ಊಟಕ್ಕೆ ಬಂದ ಮಗ ಮತ್ತು ಅವನ ಜೊತೆಯವನು. ಸಂಜೆ ಐದೂವರೆಗೆ ಅರಳಿಕಟ್ಟೆ ಹುಡುಗರು. ಬೆಳಗ್ಗೆ ಬಾಲ ಎಳೆದವರು ಇವರೇ, ಅದಕ್ಕೆ ಪ್ರಾಯಶ್ಚಿತ್ತ ಅಂದೆ. ರಾತ್ರಿ 10ಕ್ಕೆ ಮಲಗೋ ಮುಂಚೆ ಮನೆಯವರು. ಆರು ಸಲ ಆಯಿತು, ಯಾವ ಎರಡರ ನಡುವೆಯೂ ನಾಲ್ಕೂವರೆ ಗಂಟೆ ದಾಟಲಿಲ್ಲ. ಪುಸ್ತಕದಲ್ಲಿ ಇನ್ನೂ ಜಾಸ್ತಿ ಸಲ ಹೊರಳಿಸಿ ಅಂತ ಇರಬಹುದು, ಆದರೆ ನಿಜವಾಗಿ ಆಗೋ ಆರು ಸಲ ಹಾಳೆಯಲ್ಲಿರೋ ಹತ್ತು ಸಲಕ್ಕಿಂತ ವಾಸಿ.

ಬೇರೆ ದಾರಿಗಳೂ ಜಗಲಿ ಮೇಲೆ ಚರ್ಚೆಗೆ ಬಂದವು. ಹಾಸನದ ವೆಟರ್ನರಿ ಕಾಲೇಜಿಗೆ ಗಾಡಿಯಲ್ಲಿ ಒಯ್ಯೋಣ ಅಂದರು ಒಬ್ಬರು. ಎದ್ದು ನಿಲ್ಲಲಾರದ ಹಸುವನ್ನು ಲಾರಿಯ ಹಲಗೆ ಮೇಲೆ ಅಷ್ಟು ದೂರ ಕುಲುಕಿಸಿದರೆ ಆ ತೊಡೆ ಪೂರ್ತಿ ಹೋಗುತ್ತದೆ ಅಂತ ಬೇಡ ಅಂದೆ. ಇನ್ನೊಬ್ಬರು ಜೆ.ಸಿ.ಬಿ. ತರಿಸ್ತೀನಿ ಅಂದರು. ನಮ್ಮ ಕಡೆ ಯಾವ ಕಷ್ಟಕ್ಕೂ ಜೆ.ಸಿ.ಬಿ. ಒಂದು ಉತ್ತರ. ಕಾಲಿಗೆ ಭಾರ ಹೊರೋ ಶಕ್ತಿ ಬರೋ ಮುಂಚೆ ಹಗ್ಗ ಕಟ್ಟಿ ಎತ್ತಿದರೆ ಹಸು ಜೋಲಾಡುತ್ತದೆ, ಹಗ್ಗ ಒತ್ತಿದ ಕಡೆ ಹೊಸ ಗಾಯ. ಎತ್ತೋದು ಎರಡು ದಿನ ಬಿಟ್ಟು ನೋಡೋಣ ಅಂದೆ. ಮೂರನೆಯವರು ಮೆಡಿಕಲ್ ಸ್ಟೋರಿಂದ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್ ತಂದೇ ಬಿಟ್ಟಿದ್ದರು. ಅದನ್ನು ದನಗಳಿಗೆ ಕೊಡೋದು 2006ರಿಂದಲೇ ನಿಷೇಧ. ಅದನ್ನು ಕೊಟ್ಟ ದನ ಸತ್ತು, ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೇ ಅಂತ ಧಾಮ ಮಾಡಿದ್ದಾರೆ, ಹದ್ದಿಗೆ ಜಿಲ್ಲೆಯ ಗಡಿ ಗೊತ್ತಾ? ಗೌರಿಗೆ ಅದರ ಬದಲು ಹದ್ದಿಗೆ ತೊಂದರೆ ಮಾಡದ ನೋವಿನ ಔಷಧಿ, ಮೆಲಾಕ್ಸಿಕ್ಯಾಮ್ ಕೊಟ್ಟೆ.

ಹಾಸಿಗೆ ಇನ್ನೊಂದು ಯೋಚನೆ. ಒಂದು ಅಡಿ ಆಳದ ಮರಳು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಮನೆ ಕಟ್ಟೋಕೇ ಮರಳಿಲ್ಲದ ಕಾಲ ಇದು. ಮನೆ ಮುಂದೆ ಎಂ ಸ್ಯಾಂಡ್ ರಾಶಿ ಇತ್ತು, ಅದರ ಕಾಳು ಚೂಪು, ಚರ್ಮ ತರಚುತ್ತದೆ ಅನ್ನಿಸಿ ಬಿಟ್ಟೆ. ಹಿತ್ತಲಲ್ಲಿ ಹೊಂಗೆ ಮರದ ಅಡಿ ಮಣ್ಣು ಮೆತ್ತಗಿತ್ತು. ಅದನ್ನು ಗುದ್ದಲಿಯಲ್ಲಿ ಅಗೆದು ಸಡಿಲ ಮಾಡಿ, ಮೇಲೆ ಕಬ್ಬಿನ ಸೋಗೆ, ಅದರ ಮೇಲೆ ಭತ್ತದ ಹುಲ್ಲು ಒಂದು ಅಡಿ ದಪ್ಪ. ಹಸುವನ್ನು ಟಾರ್ಪಾಲಿನ ಮೇಲೆ ಹೊರಳಿಸಿ, ಟಾರ್ಪಾಲ್ ಸಮೇತ ಎಳೆದು ತಂದೆವು. ಕಾಲು ಹಿಡಿದು ಯಾರೂ ಎಳೆಯಬಾರದು ಅಂತ ಮೊದಲೇ ಗದರಿದ್ದೆ. ಏಳೋಕೆ ಹೋಗಿ ಹಿಂಗಾಲು ಎರಡೂ ಅಗಲಕ್ಕೆ ಸೀಳಿದರೆ ತೊಡೆಯ ಒಳ ಸ್ನಾಯು ಹರಿಯುತ್ತದೆ, ಆಮೇಲೆ ಆಸೆ ಬಿಡಬೇಕು. ಅದಕ್ಕೆ ಎರಡು ಹಿಂಗಾಲಿಗೂ ಮೆತ್ತನೆ ಬಟ್ಟೆ ಸುತ್ತಿ, ನಡುವೆ ಎರಡು ಅಡಿ ಬಿಟ್ಟು ಹಗ್ಗ ಕಟ್ಟಿದೆವು. ಬದಿಗೆ ವಾಲದ ಹಾಗೆ ಹುಲ್ಲು ತುಂಬಿದ ಗೋಣಿಚೀಲದ ಒತ್ತು ಕೊಟ್ಟೆವು. ಹಸು ಚಪ್ಪಟೆಯಾಗಿ ಬದಿಗೆ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ.

ಮಗ್ಗುಲು ಬದಲಿಸೋದನ್ನು ಎಲ್ಲರಿಗೂ ಒಂದು ಸಲ ಮಾಡಿ ತೋರಿಸಿದೆ. ಒಬ್ಬರು ತಲೆ ಹಿಡಿಯಬೇಕು, ಒಬ್ಬರು ಅಡಿಗೆ ಸಿಕ್ಕಿದ ಹಿಂಗಾಲನ್ನು ಹೊರಗೆ ತರಬೇಕು, ಇನ್ನೊಬ್ಬರು ಸೊಂಟಕ್ಕೆ ಹೆಗಲು ಕೊಟ್ಟು ಆ ಕಡೆ ದಬ್ಬಬೇಕು. ಆಮೇಲೆ ಹೊರಗೆ ಬಂದ ಕಾಲನ್ನು ನಾಲ್ಕು ಸಲ ಮಡಿಸಿ ಚಾಚಿ ತಿಕ್ಕಬೇಕು. ಹುಡುಗಿ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಎಡ ಆದರೆ "ಎ", ಬಲ ಆದರೆ "ಬ", ಎಷ್ಟು ಬಕೆಟ್ ನೀರು, ಮೆಲುಕು ಉಂಟಾ ಇಲ್ವಾ, ನಿಮಿಷಕ್ಕೆ ಎಷ್ಟು ಉಸಿರು. ಉಸಿರು ಎಣಿಸೋ ಕೆಲಸ ಅವಳಿಗೇ ಬೇಕಂತೆ, ಅಪ್ಪನ ಫೋನಿನಲ್ಲಿ ಟೈಮರ್ ಇಟ್ಟುಕೊಂಡು.

ಕೊನೆಗೆ ಒಂದು ಕಷ್ಟದ ಮಾತು ಉಳಿದಿತ್ತು. ಯಾವಾಗ ಕೈ ಬಿಡಬೇಕು? ಒಂದು ದಿನ ಪೂರ್ತಿ ತಿನ್ನದೇ ಇದ್ದರೆ, ಕೂರಿಸಿದರೂ ಕೂರದೆ ಚಪ್ಪಟೆ ಮಲಗಿದರೆ, ಹತ್ತು ದಿನ ಕಳೆದರೂ ಏಳೋ ಪ್ರಯತ್ನವೇ ನಿಂತರೆ, ಆಗ ನೋವಿಲ್ಲದೆ ಕಳಿಸಿಕೊಡೋದರ ಬಗ್ಗೆ ಕೂತು ಮಾತಾಡೋಣ ಅಂದೆ. ಅಜ್ಜಿ ಸಿಡುಕಿದರು. "ಹಟ್ಟೀಲಿ ಹುಟ್ಟಿದ್ ಹಸ. ಈಗ್ಲೇ ಯಾಕ್ ಆ ಮಾತು ಆಡೀರಿ?" ನಾನು ಸುಮ್ನೆ ಕೂತೆ. ಸೊಸೆ ಹೇಳಿದರು, "ಬಿಡಿ ಅತ್ತೆ, ಈಗ ಹೇಳದೆ ಇನ್ಯಾವಾಗ ಹೇಳಾರು, ಅದು ನರಳೋವಾಗ್ಲಾ?" ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನೂ ಬರೆಸಿದೆ.

ಆಮೇಲೆ ಆದದ್ದು

ಬುಧವಾರ ಸಂಜೆ ಹುಡುಗಿಯೇ ಫೋನ್ ಮಾಡಿದಳು. "ಡಾಕ್ಟ್ರೇ, ಉಸಿರು 52." ಹೋಗಿ ನೋಡಿದರೆ ಜ್ವರ 103.6, ಎದೆಯ ಕೆಳಭಾಗದಲ್ಲಿ ಗೊರಗೊರ. ಗೊಟ್ಟ ತನ್ನ ಕೆಲಸ ಮಾಡಿತ್ತು. ಆ್ಯಂಟಿಬಯೋಟಿಕ್ ಶುರು ಮಾಡಿದೆ. ಶನಿವಾರದ ಹೊತ್ತಿಗೆ ಉಸಿರು 34ಕ್ಕೆ ಇಳಿಯಿತು. ಹಾಳೆಯನ್ನೇ ಕೊಟ್ಟು ಬಂದಿದ್ದರೆ ಇದು ನನಗೆ ಗೊತ್ತಾಗುತ್ತಿದ್ದದ್ದು ಶುಕ್ರವಾರ, ಹಸು ಮೇವು ಬಿಟ್ಟ ಮೇಲೆ.

ಗುರುವಾರ ಮಗ್ಗುಲು ಎರಡು ಸಲ ತಪ್ಪಿತು. ಬೆಳಗ್ಗೆ 9ಕ್ಕೆ ಡೈರಿಯಿಂದ ಬರೋರು ಯಾವುದೋ ಬೀಗರ ಊಟಕ್ಕೆ ಹೋಗಿದ್ದರು, ಮಧ್ಯಾಹ್ನ ಆಲೆಮನೆಯಲ್ಲಿ ಪಾಕ ಕೊಪ್ಪರಿಗೆಯಲ್ಲಿತ್ತು, ಮಗ ಬರೋಕೆ ಆಗಲಿಲ್ಲ. ಬೆಳಗ್ಗೆ ಐದೂವರೆಯಿಂದ ಸಂಜೆವರೆಗೆ ಒಂದೇ ಮಗ್ಗುಲು, ಅದೂ ಎಡ. ನೋಟ್‌ಬುಕ್ಕಿನಲ್ಲಿ ಎರಡು ಖಾಲಿ ಮನೆ ನೋಡಿ ನನಗೂ ಸಿಟ್ಟು ಬಂತು, ಅಜ್ಜಿ ಮುಖ ನೋಡಿ ಇಳಿಯಿತು. ಪಕ್ಕದ ಬೀದಿಯ ಒಬ್ಬ ಟೈಲರ್, ಮನೆಯಲ್ಲೇ ಇರೋರು, ಅವರ ಹೆಸರನ್ನೂ ಪಟ್ಟಿಗೆ ಸೇರಿಸಿದೆವು. ಶುರುವಿನಲ್ಲೇ ಒಬ್ಬ ಬದಲಿ ಆಳು ಇಟ್ಟುಕೊಳ್ಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಎತ್ತೋ ದಿನ. ಬೋರ್‌ವೆಲ್ ಮೋಟ್ರು ಎತ್ತೋರ ಹತ್ತಿರ ಮೂರು ಕಾಲಿನ ಸ್ಟ್ಯಾಂಡ್ ಮತ್ತು ಚೈನ್ ಪುಲ್ಲಿ ಇರುತ್ತದಲ್ಲ, ಅದನ್ನೇ ತರಿಸಿದೆವು. ಹಸುವಿಗೆ ಇದಕ್ಕಿಂತ ಒಳ್ಳೆ ಯಂತ್ರ ನಮ್ಮ ಕಡೆ ಇಲ್ಲ. ನಿಧಾನಕ್ಕೆ ಏರುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಸೊಸೆ ಹಿಂದಿನ ರಾತ್ರಿ ಗೋಣಿಚೀಲ ನಾಲ್ಕು ಪದರ ಹಾಕಿ ಅಗಲವಾದ ಎರಡು ಪಟ್ಟಿ ಹೊಲಿದಿದ್ದರು. ಗಾರ್ಮೆಂಟ್ಸ್ ಕೈ, ಹೊಲಿಗೆ ಒಂದೂ ಬಿಡಲಿಲ್ಲ. ಒಂದು ಎದೆ ಅಡಿಗೆ, ಒಂದು ಕೆಚ್ಚಲಿನ ಮುಂದೆ. ಎತ್ತಿದ ಒಂದು ನಿಮಿಷಕ್ಕೆ ಬಲಗಾಲು ಊರಿತು. ಎಡಗಾಲು ಗೊರಸಿನ ಹತ್ತಿರ ಹಿಂದಕ್ಕೆ ಮಡಚಿಕೊಂಡು ಗೆಣ್ಣಿನ ಮೇಲೆ ನಿಂತಿತು, ನರ ಸೋತಿದೆ ಅಂತ ಲೆಕ್ಕ. ಕೈಯಿಂದ ಗೊರಸು ಸರಿ ಮಾಡಿ ಹಿಡಿದೆ. ನಾಲ್ಕು ನಿಮಿಷ ನಿಂತಿತು. ತೊಡೆ ನಡುಗೋಕೆ ಶುರುವಾದ ತಕ್ಷಣ ಇಳಿಸಿದೆವು. ಊರವರಿಗೆ ಇನ್ನೊಂದು ಹತ್ತು ನಿಮಿಷ ನಿಲ್ಲಿಸೋ ಆಸೆ. ಬೇಡ ಅಂದೆ. ಕಾಲಿಗೆ ಹತ್ತಿ ಸುತ್ತಿ, ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ ಅರ್ಧ ಹೋಳು ಇಟ್ಟು ಕಟ್ಟು ಹಾಕಿದೆ. ದಿನಕ್ಕೆ ಎರಡು ಸಲ ಹೀಗೇ ಎತ್ತಿ ಇಳಿಸಿ.

ಶನಿವಾರ ನನ್ನ ತಪ್ಪು ಹೊರಗೆ ಬಂತು. ಎಡ ಹಿಂದಿನ ಮೊಲೆ ಬಿಸಿ, ಹಿಂಡಿದರೆ ಮೊಸರಿನ ಚೂರು. ಕೆಚ್ಚಲು ಬಾವು. ಮಂಗಳವಾರ ನಾನೇ ಹೇಳಿದ್ದೆ, ಕ್ಯಾಲ್ಸಿಯಂ ಮತ್ತೆ ಇಳಿಯಬಾರದು, ಎರಡು ದಿನ ಕೆಚ್ಚಲು ಪೂರ್ತಿ ಹಿಂಡಬೇಡಿ ಅಂತ. ಗುರುವಾರದಿಂದ ಪೂರ್ತಿ ಹಿಂಡಿ ಅಂತ ಹೇಳಿದ್ದೆನೋ ಇಲ್ಲವೋ, ನೋಟ್‌ಬುಕ್ಕಿನಲ್ಲಿ ಮಾತ್ರ "ಪೂರ್ತಿ ಹಿಂಡಬಾರದು" ಅಂತಷ್ಟೇ 12ನೇ ಸಾಲಿನಲ್ಲಿತ್ತು. ತಾರೀಖು ಇರಲಿಲ್ಲ. ಅವರು ಬರೆದದ್ದನ್ನು ಬರೆದ ಹಾಗೇ ಪಾಲಿಸಿದ್ದರು. ಕೂತಲ್ಲೇ ಸಗಣಿ ಗಂಜಲ, ಒಳಗೆ ಉಳಿದ ಹಾಲು, ಬಾವು ಬರದೆ ಏನು ಮಾಡುತ್ತೆ. ಕೆಚ್ಚಲಿಗೆ ಔಷಧಿ ಹಾಕಿ, ದಿನಕ್ಕೆ ನಾಲ್ಕು ಸಲ ಹಿಂಡಿ ಚೆಲ್ಲೋಕೆ ಹೇಳಿದೆ. ಆ ಮೊಲೆ ಪೂರ್ತಿ ಸರಿ ಹೋಗಲಿಲ್ಲ. ಕೆಲವು ಸೂಚನೆಗಳಿಗೆ ಕೊನೆಯ ದಿನ ಇರುತ್ತದೆ, ಕೆಲವಕ್ಕೆ ಇರೋದಿಲ್ಲ. ಈಗ ನಾನು ಪ್ರತಿ ಸಾಲಿನ ಮುಂದೆ "ಎಲ್ಲಿವರೆಗೆ" ಅಂತ ಒಂದು ಮನೆ ಬಿಡ್ತೀನಿ.

ಭಾನುವಾರ, ಸೋಮವಾರ ವಿಶೇಷ ಏನಿಲ್ಲ. ಎ, ಬ, ಎ, ಬ. ಪುಲ್ಲಿಯಲ್ಲಿ ಏಳು ನಿಮಿಷ, ಒಂಬತ್ತು ನಿಮಿಷ. ಮೊಳಕಾಲಿನ ಹತ್ತಿರ ಸಣ್ಣ ಹುಣ್ಣು ಆಗಿತ್ತು, ತೊಳೆದು ಮುಲಾಮು ಹಚ್ಚಿ, ನೊಣ ಕೂರದ ಹಾಗೆ ಸುತ್ತಲೂ ಬೇವಿನೆಣ್ಣೆ ಸವರಿದರು.

ಎಂಟನೇ ದಿನ, ಮಂಗಳವಾರ, ರಾತ್ರಿ 2ಕ್ಕೆ ಮಗ್ಗುಲು ಬದಲಿಸಿ ಮಗ ಮೋಟ್ರು ಹಾಕೋಕೆ ಹೋಗಿದ್ದಾನೆ. ಬೆಳಗ್ಗೆ ಐದೂವರೆಗೆ ಸೊಸೆ ಹಿತ್ತಲ ಬಾಗಿಲು ತೆಗೆದರೆ ಗೌರಿ ಹೊಂಗೆ ಮರಕ್ಕೆ ಪಕ್ಕೆ ಒತ್ತಿಕೊಂಡು ನಿಂತಿದೆ, ಕರು ಹಗ್ಗ ಬಿಚ್ಚಿಕೊಂಡು ಬಂದು ಹಾಲು ಕುಡಿಯುತ್ತಿದೆ. ನೋಟ್‌ಬುಕ್ಕಿನ ಆ ಸಾಲಿನಲ್ಲಿ ಎ ಇಲ್ಲ, ಬ ಇಲ್ಲ. ಹುಡುಗಿ "ನಿ" ಅಂತ ಬರೆದಿದ್ದಾಳೆ.

ಕಾಲಿನ ಕಟ್ಟು ಇನ್ನೂ ಮೂರು ವಾರ ಇತ್ತು, ಎರಡು ದಿನಕ್ಕೊಮ್ಮೆ ಬಿಚ್ಚಿ ನೋಡಿ ಕಟ್ಟುತ್ತಿದ್ದೆ. ಗೊರಸು ಈಗಲೂ ಕಲ್ಲು ನೆಲದಲ್ಲಿ ಒಂದೊಂದು ಸಲ ಎಡವುತ್ತದೆ. ಹಾಲು 12 ಲೀಟರ್ ದಾಟಲಿಲ್ಲ, 18ರ ಹಸು. ದುಡ್ಡಿನ ಲೆಕ್ಕ ಹಾಕಿದರೆ ಇದು ಗೆಲುವಾ ಅಂತ ಕೇಳಿದವರಿದ್ದಾರೆ. ಆ ಲೆಕ್ಕ ಮನೆಯವರದ್ದು, ಅವರು ಅದನ್ನು ಮಂಗಳವಾರವೇ ಜಗಲಿ ಮೇಲೆ ಹಾಕಿ ಮುಗಿಸಿದ್ದರು. ಹಿತ್ತಲಲ್ಲಿ ಅರ್ಧ ಗಂಟೆ ಕೂತು ಎಣಿಸಿದರೆ ಈ ಹಸುವಿಗೆ ಎಂಟು ದಿನದಲ್ಲಿ ಮನೆಯವರಲ್ಲದೆ 13 ಜನ ಕೈ ಹಾಕಿದ್ದಾರೆ, ನಾನು ಹೋದದ್ದು ಒಟ್ಟು ಏಳು ಸಲ.

ಹೋದ ತಿಂಗಳು ಮತ್ತೆ ಗಬ್ಬ ಆಗಿದೆ ಅಂತ ಕರೆದಿದ್ದರು. ಕೈ ಹಾಕಿ ನೋಡಿದೆ, ನಿಜ. ಒಂದು ಸಲ ಹಾಲು ಜ್ವರ ಬಂದ ಹಸುವಿಗೆ ಮುಂದಿನ ಸೂಲಲ್ಲೂ ಬರೋ ಸಾಧ್ಯತೆ ಜಾಸ್ತಿ. ಕೊನೆಯ ಮೂರು ವಾರ ಕ್ಯಾಲ್ಸಿಯಂ ಪುಡಿ ಸುರಿಯಬೇಡಿ, ಆಗ ಜಾಸ್ತಿ ಕೊಟ್ಟರೆ ಮೂಳೆಯಿಂದ ತೆಗೆಯೋ ಅಭ್ಯಾಸವೇ ಮೈಗೆ ತಪ್ಪುತ್ತದೆ. ಕರು ಹಾಕಿದ ದಿನ ಬಾಯಿಗೆ ಕ್ಯಾಲ್ಸಿಯಂ ಜೆಲ್, ಅದೂ ಹಸು ನಿಂತಿದ್ದು ಚೆನ್ನಾಗಿ ನುಂಗುವಾಗ ಮಾತ್ರ. ಹಿತ್ತಲ ಮಣ್ಣಿನಲ್ಲೇ ಕರು ಹಾಕಿಸಿ, ಸಿಮೆಂಟ್ ಬೇಡ. ಗಿಣ್ಣು ಕರುವಿಗೆ ಬೇಕಾದಷ್ಟು ಮಾತ್ರ ಹಿಂಡಿ, ಎರಡು ದಿನ, ಎರಡೇ ದಿನ. ಎಲ್ಲದಕ್ಕೂ ತಾರೀಖು ಹಾಕಿಸಿದೆ.

"ಬೀದಿಯೋರು ಗಿಣ್ಣು ಕೇಳಿದ್ರೆ ಏನವ್ವಾ ಮಾಡ್ತೀರಿ?" ಅಂತ ಅಜ್ಜಿಯನ್ನು ಕೇಳಿದೆ.

"ಹದಿಮೂರ್ ಮನೆಗ್ ಕೊಡ್ಲೇಬೇಕು ಕಣ್ ಡಾಕ್ಟ್ರೇ, ಹೊಳ್ಸಿದೋರು ಅವ್ರಲ್ವಾ," ಅಂದರು. ಆಮೇಲೆ ನನ್ನ ಮುಖ ನೋಡಿ, "ಮೂರ್‌ನೇ ದಿನ ಕೊಡ್ತೀನಿ ಬುಡಿ. ಗಟ್ಟಿ ಆಯ್ದೆ ಇದ್ರೆ ಏಲಕ್ಕಿ ಒಸಿ ಜಾಸ್ತಿ ಹಾಕಾನ."